ಟ್ಯೂಟರ್ ಬಾಯಾರ ವಾಚು

ಖಾನಾಪುರ ಬಸ್ ನಿಲ್ದಾಣದಿಂದ ನಾನೂ ಅತ್ತೆಯೂ ಹೊರಟಾಗ ಎಂಟು ಇಪ್ಪತ್ತು ಎಂದು ನನ್ನ ಡೈರಿ ಹೇಳುತ್ತದೆ. ನನ್ನ ನೆನಪು ಒಂಬತ್ತು ಎನ್ನುತ್ತದೆ. ಡೈರಿ ಬರೆದದ್ದು ಮರುದಿನವಾದ್ದರಿಂದ ಅದನ್ನೂ ಪೂರ್ತಿ ನಂಬಲಾರೆ. ಮುಂದಿನ ವಿವರಗಳಲ್ಲೂ ಕೆಲವು ಹೀಗೇ ಅತ್ತಿತ್ತ ಸರಿದಿರಬಹುದು. ಅತ್ತೆಯ ಎದೆಯ ಮೇಲೆ ವಾಚಿತ್ತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಅದು ಕೈಗೆ ಕಟ್ಟುವ ವಾಚಲ್ಲ. ನರ್ಸುಗಳು ಎದೆಗೆ ಪಿನ್ನು ಮಾಡಿಕೊಳ್ಳುವ, ತಲೆಕೆಳಗಾಗಿ ತೂಗುವ ವಾಚು. ತೊಟ್ಟವರು ತಲೆ ಬಗ್ಗಿಸಿದರೆ ಅವರಿಗೆ ಮಾತ್ರ ನೆಟ್ಟಗೆ ಕಾಣುತ್ತದೆ. ನನ್ನ ಸೋದರತ್ತೆ ಸುಮಿತ್ರಾ ಬೆಳಗಾವಿಯ ನರ್ಸಿಂಗ್ ಶಾಲೆಯೊಂದರಲ್ಲಿ ಕಲಿತು, ಕಣಕುಂಬಿ ಕಡೆಯ ಹಳ್ಳಿಗಳಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿ ನಿವೃತ್ತಳಾದವಳು. ಅಂದು ಆ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಕೂಟ. ಸಾಧಕಿಯರು ಮೂವರಿಗೆ ಸನ್ಮಾನ, ಒಬ್ಬೊಬ್ಬರಿಗೆ ಎರಡು ನಿಮಿಷ ಮಾತು. ಮೂವರಲ್ಲಿ ಅತ್ತೆಯೂ ಒಬ್ಬಳು. ಫೋಟೋ ತೆಗೆಯಲೆಂದು ನಾನು ಹಿಂದಿನ ದಿನವೇ ಧಾರವಾಡದಿಂದ ಬಂದಿದ್ದೆ.

ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ್ ತೋರಿಸಬೇಕು ಅಷ್ಟೆ. ಕಂಡಕ್ಟರ್ ಕೇಳಿದಾಗ ಅತ್ತೆ ಕಾರ್ಡಿನ ಬದಲು ಅವನ ಮುಖ ನೋಡಿದಳು.

“ಯಾವೂರಪಾ ನಿಂದು?”

“ಜಾಂಬೋಟಿ ಬಾಜೂಕ ರೀ.”

“ಹಂಗಾರ ನಿನ್ನ ಹೆರಿಗಿ ನಾನ ಮಾಡಿಸಿರಬೇಕು. ಕಾಲು ಮುಂದ ಬಂದಿದ್ದವ ನೀನ ಏನು?”

ಕಂಡಕ್ಟರ್ ಸುತ್ತಲಿನವರ ನಗೆಗೆ ಕೆಂಪಾಗಿ, ಕಾರ್ಡು ನೋಡದೆಯೇ ಎರಡು ಚೀಟಿ ಹರಿದುಕೊಟ್ಟ.

ಬೆಳಗಾವಿಗೆ ಇಪ್ಪತ್ತಾರು ಕಿಲೋಮೀಟರ್. ದಾರಿಯುದ್ದಕ್ಕೂ ಅತ್ತೆ ಭಾಷಣ ಉರು ಹೊಡೆಯುತ್ತಿದ್ದಳು. ಅದು ನಮ್ಮ ಮನೆಯವರಿಗೆಲ್ಲ ಬಾಯಿಪಾಠವಾದ ಕಥೆ. ಒಬ್ಬ ರೋಗಿಯ ನಾಡಿ ಎಪ್ಪತ್ತೆರಡು ಎಂದರು ಡಾಕ್ಟರು. ವಿದ್ಯಾರ್ಥಿನಿ ಸುಮಿತ್ರಾ ಐವತ್ತೆಂಟು ಎಂದಳು. ಅವಳ ಶಿಕ್ಷಕಿ, ಎಲ್ಲರೂ ಟ್ಯೂಟರ್ ಬಾಯಾರು ಎಂದು ಕರೆಯುತ್ತಿದ್ದವರು, ಮತ್ತೆ ಎಣಿಸಿದರೆ ಐವತ್ತೆಂಟೇ. ಬಾಯಾರು ತಮ್ಮ ಎದೆಯ ವಾಚನ್ನು ಬಿಚ್ಚಿ ಇವಳ ಎದೆಗೆ ಪಿನ್ನು ಮಾಡಿ, “ಇಂಥಾ ಬೆರಳು ನಾ ಎಲ್ಲೂ ನೋಡಿಲ್ಲ. ಯಾರ ಮುಂದೂ ಹೇಳಬ್ಯಾಡ” ಎಂದರು. ಅತ್ತೆ ಗೆಳತಿಯರಿಗೆ ಹೇಳಲಿಲ್ಲ. ನಮಗೆ ಮಾತ್ರ ಪ್ರತಿ ಹಬ್ಬಕ್ಕೂ ಹೇಳಿದಳು. ‘ಅದು ಸಂತ್ಯಾಗ ತಗೊಂಡದ್ದು’ ಎಂದು ಅಪ್ಪ ಒಮ್ಮೆ ನಕ್ಕಿದ್ದ ನೆನಪು. ಅಪ್ಪ ಈಗಿಲ್ಲ, ಹಾಗೆಂದದ್ದು ಅವನೋ, ನಾನೇ ಕಲ್ಪಿಸಿಕೊಂಡೆನೋ ತಿಳಿಯದು.

“ಸನ್ಮಾನದಾಗ ಉಳಿದಿಬ್ಬರೂ ವಿಮಾನ ಹತ್ತಿದವರು” ಎಂದಳು ಅತ್ತೆ, ದೇಸೂರು ದಾಟುವಾಗ. “ನಾ ಹತ್ತಿದ್ದು ಗುಡ್ಡ. ನನ್ನ ಕಡೆ ಏನೈತಿ? ಇದೊಂದು ವಾಚ್ ಐತಿ.”

ನಿಲ್ದಾಣದಿಂದ ವಡಗಾವಿಗೆ ಆಟೋದವನು ನೂರಿಪ್ಪತ್ತು ಕೇಳಿ ಎಂಬತ್ತಕ್ಕೆ ಇಳಿದ. ಓಣಿ ಎಷ್ಟು ಇಕ್ಕಟ್ಟೆಂದರೆ ಕೂಟ ನಡೆಯುವ ಮಂಗಲ ಕಾರ್ಯಾಲಯದ ಒಂದು ಗೋಡೆಗೆ ಹತ್ತಿಕೊಂಡೇ ಮಗ್ಗದ ಕಾರ್ಖಾನೆ. ಖಟಕ್ ಪಟಕ್ ಸದ್ದು ಒಳಗೂ ಕೇಳುತ್ತಿತ್ತು. ನಾಷ್ಟಾಕ್ಕೆ ಉಪ್ಪಿಟ್ಟು, ಶಿರಾ. ಬಹಳ ವರ್ಷದ ಮೇಲೆ ಸೇರಿದವರು ಅಪ್ಪಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಇವರು ಬಾಗಿಲಲ್ಲೇ ಒಬ್ಬರಿಗೊಬ್ಬರು ಬಿಪಿ ನೋಡುತ್ತ ನಿಂತಿದ್ದರು.

“ನೂರಾ ಅರವತ್ತು! ಉಪ್ಪಿನಕಾಯಿ ಇನ್ನೂ ಬಿಟ್ಟಿಲ್ಲ ನೋಡ ನೀ.”

“ಏಯ್, ನಿನ್ನ ಮಾರಿ ನೋಡಿ ಏರಿತು. ಸುಮ್ನ ಕುಂದರು.”

ವೇದಿಕೆಯ ನಡುವೆ ಟ್ಯೂಟರ್ ಬಾಯಾರು ಕೂತಿದ್ದರು. ಎಂಬತ್ತು ದಾಟಿದ ಸಣ್ಣ ದೇಹ, ಇಸ್ತ್ರಿ ಮುರಿಯದ ಬಿಳಿ ಸೀರೆ. ಸಭೆಯಲ್ಲಿ ಅಜ್ಜಿಯರಾದವರೂ ಅವರ ಕಣ್ಣು ತಮ್ಮತ್ತ ಹೊರಳಿದಾಗ ಶಾಲೆಯ ಉಗುರು ತಪಾಸಣೆ ನೆನೆದು ಉಗುರು ಮುಚ್ಚಿಕೊಳ್ಳುತ್ತಿದ್ದರು.

ದೂರದಿಂದ ಬಂದವರಿಗೆ ಮೊದಲ ಮಾತು ಎಂಬುದು ಕೂಟದ ಪದ್ಧತಿ. ಹೀಗಾಗಿ ಮಸ್ಕತ್ತಿನಲ್ಲಿ ಮೇಟ್ರನ್ ಆಗಿದ್ದು ಈಗಲೂ ಅಲ್ಲೇ ಇರುವ, ಮೂಲತಃ ಇಲ್ಲಿಯ ಶಹಾಪುರದ ಮೆಹರುನ್ನಿಸಾ ಮೊದಲು ಎದ್ದರು.

“ನಾನು ಇಷ್ಟು ವರ್ಷ ಯಾರ ಮುಂದೂ ಹೇಳಿಲ್ಲರಿ. ಇವತ್ತ ಹೇಳೇಬಿಡ್ತೀನಿ. ಒಮ್ಮೆ ಡಾಕ್ಟರ್ ಸಾಹೇಬ್ರು ನಾಡಿ ತಪ್ಪು ಎಣಿಸಿದ್ರು...”

ಅತ್ತೆಯ ಕೈ ನನ್ನ ತೊಡೆಯನ್ನು ಹಿಡಿಯಿತು. ಮೆಹರುನ್ನಿಸಾ ಕಥೆ ಮುಗಿಸಿ, ಪರ್ಸಿನಿಂದ ಒಂದು ವಾಚು ತೆಗೆದು ಎತ್ತಿ ಹಿಡಿದರು. ತಲೆಕೆಳಗಾಗಿ ತೂಗುವ ವಾಚು. ಚಪ್ಪಾಳೆಯೋ ಚಪ್ಪಾಳೆ.

ಎರಡನೆಯವರು ಪುಣೆಯ ನರ್ಸಿಂಗ್ ಕಾಲೇಜೊಂದರ ಪ್ರಿನ್ಸಿಪಾಲ್ ಲೀಲಾ. ಮೈಕಿನ ಮುಂದೆ ನಿಂತವರು ಮೊದಲು ಮೆಹರುನ್ನಿಸಾರತ್ತ ತಿರುಗಿದರು.

“ಮೆಹರೂ,” ಎಂದರು, “ನಿನಗೂ?”

ಅವರೂ ವಾಚು ತೆಗೆದರು. ಹಿಂದಿನ ಸಾಲಿನಲ್ಲಿ ಪರ್ಸುಗಳ ಝಿಪ್ಪು ಸರಿದ ಸದ್ದು. ಒಂದೊಂದಾಗಿ ವಾಚುಗಳು ಮೇಲೆದ್ದವು. ಡೈರಿಯಲ್ಲಿ ಏಳು ಎಂದು ಬರೆದಿದ್ದೇನೆ; ಫೋಟೋದಲ್ಲಿ ಐದಷ್ಟೇ ಕಾಣುತ್ತವೆ.

“ನನಗ ಒಬ್ಬಾಕಿಗೇ ಅಂದಿದ್ರಲ್ಲವಾ!”

“ನನಗೂ ಹಂಗ ಅಂದ್ರು! ನಿನ್ನ ಡಾಕ್ಟರ್ ಎಷ್ಟಂದಿದ್ದ?”

“ಎಪ್ಪತ್ತೆರಡು!”

ಯಾರಿಗೂ ಹೇಳಬೇಡ ಎಂದರೆ ಹೇಳದೆ ಇರುವುದನ್ನು ಆ ಶಾಲೆ ಅಷ್ಟು ಚೆನ್ನಾಗಿ ಕಲಿಸಿತ್ತು. ಬಾಯಾರತ್ತ ನೋಡಿದೆ. ಕಣ್ಣು ಮುಚ್ಚಿದ್ದವು. ಅದು ನಿದ್ದೆ ಎಂದು ನಾನು ನಂಬುವುದಿಲ್ಲ.

ಅಷ್ಟರಲ್ಲಿ ಅತ್ತೆಯ ಹೆಸರು ಕೂಗಿದರು. ಅವಳು ಸೆರಗಿನ ಮರೆಯಲ್ಲಿ ವಾಚು ಬಿಚ್ಚಿ ನನ್ನ ಮುಷ್ಟಿಗೆ ತುರುಕಿ, ಮೆಟ್ಟಿಲು ಹತ್ತಿದಳು.

“ಬಾಯಾರು ನನಗ ವಾಚ್ ಕೊಡಲಿಲ್ಲರಿ” ಎಂದಳು. “ಬೈಗುಳ ಕೊಟ್ರು, ಭಾಳ ಕೊಟ್ರು. ‘ಗಡಿಯಾರ ಎಲ್ಲಾರಿಗೂ ಸಿಗತೈತಿ, ನೀ ಬೆರಳು ನಂಬು’ ಅಂದ್ರು. ಕಣಕುಂಬಿ ಮಳ್ಯಾಗ ಯಾವ ವಾಚ್ ನಡೀತಿತ್ತರಿ? ಮೂವತ್ತು ವರ್ಷ ಬೆರಳಿನ ಮ್ಯಾಲ ನಡಿಸೇನಿ.”

ಅಂದಿನ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು. ವಾಚುಳ್ಳವರೆಲ್ಲ ಹೊಟ್ಟೆಕಿಚ್ಚಿನಿಂದ ಅತ್ತೆಯನ್ನು ನೋಡಿದರು. ನನ್ನ ಮುಷ್ಟಿಯೊಳಗೆ ವಾಚು ಬೆವರುತ್ತಿತ್ತು.

ಬಾಯಾರು ಕಣ್ಣು ತೆರೆದರು. “ಸುಮಿತ್ರಾ, ಇಲ್ಲಿ ಬಾ.” ಅತ್ತೆಯ ಮಣಿಕಟ್ಟು ಹಿಡಿದು ಮೂರು ಬೆರಳು ಇಟ್ಟರು. ಪೂರ್ತಿ ಒಂದು ನಿಮಿಷ ಎಣಿಸಿದರು. ಗೋಡೆಯಾಚೆಯ ಮಗ್ಗವೊಂದೇ ಖಟಕ್ ಪಟಕ್ ಎನ್ನುತ್ತಿತ್ತು.

“ತೊಂಬತ್ತಾರು” ಎಂದರು ಬಾಯಾರು, ಮೈಕಿನಲ್ಲೇ. “ಇಕಿ ಸುಳ್ಳು ಹೇಳ್ಯಾಳ. ಊಟಕ್ಕ ಏಳ್ರಿ.”

ನಗೆಯ ಅಬ್ಬರದಲ್ಲಿ ಮುಂದೇನಾಯಿತು ಎಂದು ಸರಿಯಾಗಿ ನೆನಪಿಲ್ಲ. ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಇತ್ತು. ಮೆಹರುನ್ನಿಸಾ ಅತ್ತೆಯ ಎಲೆಗೆ ತಮ್ಮ ಪಾಲಿನ ಹೋಳಿಗೆ ಹಾಕಿದರು. ಬಾಯಾರ ಹತ್ತಿರ ಹೋಗಿ ನಿಜ ಕೇಳೋಣವೆಂದು ಎರಡು ಬಾರಿ ಎದ್ದೆ. ಅವರು ನನ್ನ ಉಗುರು ನೋಡಿದರು, ಕೂತೆ.

ನಾಲ್ಕೂವರೆಯ ಬಸ್ಸಿಗೆ ವಾಪಸಾದೆವು. ಮಡಿಲಲ್ಲಿ ಶಾಲು, ಹಾರ, ಅರ್ಧ ಕಿಲೋ ಕುಂದಾ. ಉದ್ಯಮಬಾಗ ದಾಟಿದ ಮೇಲೆ ವಾಚನ್ನು ಅವಳ ಕೈಗಿಟ್ಟೆ. ಅವಳು ಕೀಲಿ ಕೊಟ್ಟು, ಕಿವಿಗೆ ಹಿಡಿದು, ಮತ್ತೆ ಎದೆಗೆ ಚುಚ್ಚಿಕೊಂಡಳು.

“ಅತ್ತೀ,” ಎಂದೆ, “ಸುಳ್ಳು ಯಾವುದು? ಇವತ್ತ ಅಲ್ಲಿ ಹೇಳಿದ್ದೋ, ಇಷ್ಟು ವರ್ಷ ನಮಗ ಹೇಳಿದ್ದೋ?”

ಅತ್ತೆ ನನ್ನ ಕೈಯನ್ನು ಎಳೆದುಕೊಂಡು ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟಳು. ತಲೆ ಬಗ್ಗಿಸಿ ವಾಚು ನೋಡತೊಡಗಿದಳು.

“ಎಣಿಸುವಾಗ ಮಾತಾಡಬಾರದು” ಎಂದಳು.

ದೇಸೂರು ಹೋಯಿತು. ಖಾನಾಪುರ ಬಂತು. ಅವಳಿನ್ನೂ ಎಣಿಸುತ್ತಲೇ ಇದ್ದಳು.