ಸಿಲಿಂಡರ್ ಮಾಮ

ಬಂದರಿನಲ್ಲಿ ನಮ್ಮಂಥ ಮುಳುಗುಗಾರರಿಗೆ ಉಸಿರಾಡುವ ಗಾಳಿಗೆ ಹೀಲಿಯಂ ಬೆರೆಸಿ ಸಿಲಿಂಡರಿಗೆ ತುಂಬಿಸಿಕೊಡುತ್ತಿದ್ದ ಸಿಲಿಂಡರ್ ಮಾಮ, ಹೀಲಿಯಂ ಎಲ್ಲಿಂದ ಬರುತ್ತದೆಂದು ಹೇಳದೆ ಯಾರನ್ನೂ ಕಳಿಸಿದವರಲ್ಲ. "ಇದನ್ನ ಯಾರೂ ಮಾಡಕ್ಕಾಗಲ್ಲ ಕಣಯ್ಯಾ. ನೆಲದಾಳದ ಬಂಡೇಲಿ ಯುರೇನಿಯಂ ಕೋಟಿಗಟ್ಟಲೆ ವರ್ಷ ಸವೆದೂ ಸವೆದೂ ಇದು ಹುಟ್ಟುತ್ತೆ. ಗ್ಯಾಸ್ ಬಾವಿ ಕೊರೆದಾಗ ಅದರ ಜೊತೆ ಮೇಲೆ ಬರುತ್ತೆ" ಎಂದು ಶುರುಮಾಡಿದರೆ, ಎಂಥ ಆತುರದವರೂ ಬೆಂಚಿನ ಮೇಲೆ ಕೂರಲೇಬೇಕು. ವಾಲ್ವ್ ಸೋರಿ ಸುಂಯ್ ಎಂದರೆ ಮಾಮ ಊಟ ಬಿಟ್ಟು ಓಡುತ್ತಿದ್ದರು. ಮೊಮ್ಮಗಳ ಹುಟ್ಟುಹಬ್ಬಕ್ಕೂ ಹೀಲಿಯಂ ಮುಟ್ಟದೆ ಅಷ್ಟೂ ಬಲೂನುಗಳನ್ನು ಬಾಯಲ್ಲೇ ಊದಿ, ಎರಡು ದಿನ ಕೆನ್ನೆ ಹಿಡಿದುಕೊಂಡು ಓಡಾಡಿದರು. "ಬರೀ ಗಾಳಿ ಸಾಲದಾ ಮಾಮ?" ಎಂದು ಒಮ್ಮೆ ಕೇಳಿಬಿಟ್ಟೆ. ಅವರು ಸ್ಪ್ಯಾನರ್ ಕೆಳಗಿಟ್ಟರು. "ತುಂಬಾ ಆಳದಲ್ಲಿ ಬರೀ ಗಾಳಿ ತಲೆಗೇರುತ್ತೆ, ಕುಡಿದವರ ಥರ. ಹೀಲಿಯಂ ಬೆರೆಸಿದ್ರೆ ಹಾಗಾಗಲ್ಲ. ನನ್ನ ತಮ್ಮ ಸೊಂಟದ ಹಗ್ಗ ತಾನೇ ಬಿಚ್ಕೊಂಡು ಇನ್ನೂ ಕೆಳಗೆ ಹೋಗ್ಬಿಟ್ಟ. ಮೇಲೆ ದೋಣೀಲಿ ಹಗ್ಗ ಹಿಡ್ಕೊಂಡಿದ್ದವನು ನಾನು. ಹೀಲಿಯಂ ಈ ಬಂದರಿಗೆ ಬಂದಿದ್ದು ಮಾರನೇ ವರ್ಷ."