ಹತ್ತೂಕಾಲು ತೋರಿಸಿದ ಆಸ್ಟ್ರೋಲೇಬ್

ಬೆನೆಡಿಕ್ಟ್ ಸರ್, ತಪ್ಪು ನಿಮ್ಮದಲ್ಲ, ನನ್ನದು. ಆರು ವರ್ಷದಿಂದ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದೇನೆ — ಇವತ್ತು ಹೇಳಿಬಿಡುತ್ತೇನೆ.

ಆಗ ನಾನು ಸೌದಿಯ ಜಿದ್ದಾದ ಅಜೀಜಿಯಾದಲ್ಲಿ ಅಂಗಡಿಗಳ ಬೋರ್ಡು ಮಾಡುತ್ತಿದ್ದ ಹಮೀದ್. ನೀವು ನನ್ನ ಮಗಳ ಶಾಲೆಯ ವಿಜ್ಞಾನದ ಮೇಷ್ಟ್ರು. ಸೂರ್ಯನ ಎತ್ತರ ಅಳೆದು ಗಂಟೆ ಹೇಳುವ ಹಳೆಯ ಯಂತ್ರ ಆಸ್ಟ್ರೋಲೇಬನ್ನು ಅಕ್ರಿಲಿಕ್‌ನಲ್ಲಿ ಮಾಡಿಕೊಡು ಎಂದಿರಿ. ಅದೇ ಹೊತ್ತಿಗೆ ಸೂರ್ಯ ಒಂದೂರಲ್ಲಿ ಮೇಲೆ, ಉತ್ತರದ ಇನ್ನೊಂದೂರಲ್ಲಿ ಕೆಳಗೆ ಇರುವುದರಿಂದ, ಮೊದಲಿನವಕ್ಕೆ ಊರಿಗೊಂದು ಗೆರೆ ಕೊರೆದ ತಟ್ಟೆ ಬೇಕಿತ್ತಂತೆ. ಅರಬರ ಉಪಾಯವೊಂದನ್ನು ಹಿಡಿದು, ನಾಲ್ಕೈದು ಶತಮಾನದ ಹಿಂದೆ ಯುರೋಪಿನ ಕುಶಲಕರ್ಮಿಗಳು ಎಲ್ಲ ಊರಿಗೂ ಒಂದೇ ತಟ್ಟೆ ಸಾಕಾಗುವಂತೆ ಗೆರೆ ಎಳೆದರಂತೆ. ನಿಮಗೆ ಅದೇ ಬೇಕಿತ್ತು.

ನೀವು ಕೊಟ್ಟ ಚಿತ್ರದೊಡನೆ ಮೂರು ದಿನ ಗುದ್ದಾಡಿದೆ. ಶವರ್ಮಾ ಅಂಗಡಿಯ ಬೋರ್ಡು ಕೊರೆಯುವವನಿಗೆ ಅಷ್ಟೊಂದು ವಕ್ರರೇಖೆ ಎಲ್ಲಿ ಒಗ್ಗಬೇಕು? ಕೊನೆಗೆ ಒಂದೇ ಊರಿಗಾಗುವ ಸುಲಭದ ತಟ್ಟೆಯ ನಕ್ಷೆ ಮಾಡಿಕೊಡುವ ವೆಬ್‌ಸೈಟ್ ಹುಡುಕಿದೆ. ಅದು ‘ಊರು’ ಎಂದು ಕೇಳಿತು. ಜಿದ್ದಾದಲ್ಲಿ ಕ್ಷೌರದಂಗಡಿಯವನು ಊರು ಕೇಳಿದರೂ ನಾವು ಹೇಳುವುದು ಒಂದೇ — ಕೈ ತಾನಾಗಿ ಮಂಗಳೂರು ಎಂದು ಒತ್ತಿಬಿಟ್ಟಿತು.

“ಗೆರೆ ಕಡಿಮೆ ಉಂಟಲ್ಲ ಹಮೀದ್?” ಎಂದಿರಿ.

“ಅದೇ ಸರ್, ಹೊಸ ಡಿಸೈನ್,” ಎಂದೆ.

ಜನವರಿಯಲ್ಲಿ ಪ್ರದರ್ಶನ. ಮಕ್ಕಳು, ಹೆತ್ತವರೆಲ್ಲ ನೋಡುತ್ತಿರಲು ಶಾಲೆಯ ಅಂಗಳದಲ್ಲಿ ನೀವು ಯಂತ್ರವನ್ನು ಎತ್ತಿಹಿಡಿದು ಅಳೆದು, “ಗಂಟೆ ಹತ್ತೂಕಾಲು” ಎಂದಿರಿ. ಅದೇ ಹೊತ್ತಿಗೆ ಪಕ್ಕದ ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಶುರುವಾಯಿತು. ಮತ್ತೆ ಅಳೆದಿರಿ. ಮತ್ತೆ ಹತ್ತೂಕಾಲೇ.

“ಹಾಗಾದರೆ ಊಟಕ್ಕೆ ಇನ್ನೂ ಎರಡು ಗಂಟೆ ಉಂಟಾ ಸರ್?” ಎಂದಳು ನನ್ನ ಮಗಳು. ಎಲ್ಲರೂ ನಕ್ಕರು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ನಕ್ಕೆ. ನಗುತ್ತಿರುವಾಗಲೇ ಹೊಳೆಯಿತು — ನೀವು ಜಿದ್ದಾದ ಸೂರ್ಯನನ್ನು ಮಂಗಳೂರಿನ ತಟ್ಟೆಯಲ್ಲಿ ಅಳೆಯುತ್ತಿದ್ದಿರಿ. ಬಾಯಿ ತೆರೆದೆ. ಆದರೆ ಸುತ್ತ ನಿಂತವರಲ್ಲಿ ಅರ್ಧ ಜನ ನನ್ನ ಗಿರಾಕಿಗಳು —

ನೀವು ಮೆಲ್ಲಗೆ ಹೇಳಿದಿರಿ: “ಯಂತ್ರ ಸರಿ ಉಂಟು. ನನ್ನ ಕೈ ನಡುಗ್ತದೆ ಮಾರಾಯ, ಪ್ರಾಯ ಆಯ್ತು.”

ಆ ವರ್ಷವೇ ವಿಜ್ಞಾನ ಕ್ಲಬ್ಬನ್ನು ಬೇರೆಯವರಿಗೆ ಬಿಟ್ಟುಕೊಟ್ಟಿರಿ. ಕನ್ನಡಕವನ್ನು ಎರಡು ಸಲ ಬದಲಿಸಿದಿರಿ. ಎರಡು ಸಲವೂ ನಿಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋದವನು ನಾನೇ. ಫ್ರೇಮು ಚೆನ್ನಾಗಿದೆ ಎಂದೂ ಹೇಳಿದೆ.

ಈಗ ನೀವು ಊರಿನಲ್ಲಿ ನಿವೃತ್ತರು. ಕೈಯನ್ನು ನಂಬುವ ಹಾಗಿಲ್ಲ ಎಂದು ಮೊಮ್ಮಕ್ಕಳಿಗೂ ಏನನ್ನೂ ಅಳೆದು ತೋರಿಸುವುದಿಲ್ಲವಂತೆ — ನನ್ನ ಮಗಳು ಹೇಳಿದಳು. ಕ್ಷಮೆ ಕೇಳುವ ಮುಖ ನನಗಿಲ್ಲ. ಆದರೆ ಆ ದಿನ ನಾನು ನಿಮ್ಮ ಪಕ್ಕದಲ್ಲೇ ನಿಂತು ನೋಡಿದ್ದೇನೆ, ಸರ್. ನಿಮ್ಮ ಕೈ ಒಂದಿಷ್ಟೂ ನಡುಗಿರಲಿಲ್ಲ.