ಕಡಿದುಹೋದ ಚೈನು

ನೋಯ್ಡಾಕ್ಕೆ ಇನ್ನೂ ಮೆಟ್ರೊ ಬಂದಿರದ ದಿನಗಳವು. ಅಣ್ಣನಿಗೂ ನನಗೂ ಒಂದೇ ಹುಚ್ಚು: ಅಪ್ಪನ ಹಳೆಯ ಟೂ-ಸ್ಟ್ರೋಕ್ ಬೈಕು ಕಾಲು ಮೈಲಿಯೊಳಗೆ ಎಷ್ಟು ವೇಗ ಮುಟ್ಟಬಲ್ಲದು ಎಂದು ನೋಡಬೇಕು. ಸಿಲಿಂಡರಿನಿಂದ ಹೊಗೆ ಹೊರಹೋಗುವ ಕಿಂಡಿಯನ್ನು ಅರದಿಂದ ಉಜ್ಜಿ ಅಗಲ ಮಾಡಿದೆವು. ಪೆಟ್ರೋಲು ಹೆಚ್ಚು ಹರಿಯಲೆಂದು ಕಾರ್ಬುರೇಟರಿಗೆ ದೊಡ್ಡ ಜೆಟ್ ಹಾಕಿದೆವು. ತೂಕ ಇಳಿಸಲು ಮಡ್‌ಗಾರ್ಡನ್ನೂ ಕೊನೆಗೆ ಚೈನಿನ ಕವರನ್ನೂ ಕಿತ್ತೆಸೆದೆವು. ಸ್ಟಾರ್ಟ್ ಮಾಡಿದರೆ ಕಿಟಕಿಯ ಗಾಜು ಅದುರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ, ಸಂಚಾರಕ್ಕೆ ಇನ್ನೂ ತೆರೆದಿರದ ಹೊಸ ರಸ್ತೆಯಲ್ಲಿ, ಪಕ್ಕದ ಹೌಸಿಂಗ್ ಸೊಸೈಟಿಯ ಯುವಕನೊಬ್ಬನ ಜೊತೆ ಪಂದ್ಯ ನಡೆಯಿತು. ನಾನು ದುಪಟ್ಟಾ ಬೀಸಿದೆ. ಅಣ್ಣ ಮುಂದಾದ. ಅಷ್ಟರಲ್ಲಿ ಹೆಚ್ಚಿದ ಎಳೆತ ತಾಳದೆ ಹಳೆಯ ಚೈನು ಕಡಿದು, ಚಾವಟಿಯಂತೆ ಬೀಸಿ ಅವನ ಮೀನಖಂಡವನ್ನು ಸೀಳಿತು. ಬೈಕು ಅವನ ಮೇಲೆಯೇ ಉರುಳಿತು. ಓಡಿಹೋಗಿ ನೋಡಿದರೆ ಮೂಳೆ ಕಾಣುತ್ತಿತ್ತು. ದುಪಟ್ಟಾ ಬಿಗಿದು ಕಟ್ಟಿದರೂ ರಕ್ತ ನಿಲ್ಲಲಿಲ್ಲ. ಎದುರಾಳಿ ತಿರುಗಿ ಬಂದು, "ದೀದೀ, ಪಕಡೋ ಇಸ್ಕೋ, ಚಲೋ!" ಎಂದು, ಅಣ್ಣನನ್ನು ಹಿಡಿದುಕೊಳ್ಳಲು ನನಗೆ ಹೇಳಿ, ಇಬ್ಬರನ್ನೂ ತನ್ನ ಬೈಕಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಓಡಿಸಿದ.

ಕಾಲು ಉಳಿಯಿತು, ಕುಂಟು ಮಾತ್ರ ಇಂದಿಗೂ ಹೋಗಿಲ್ಲ.

ನಮ್ಮ ಮೇಲೆ ಎಂದೂ ಕೈಮಾಡದ ಅಪ್ಪ ಆಸ್ಪತ್ರೆಯಿಂದ ಬಂದವರೇ ಸುತ್ತಿಗೆ ತೆಗೆದುಕೊಂಡು, ಅಷ್ಟರಲ್ಲಿ ಮನೆಗೆ ತಂದಿಟ್ಟಿದ್ದ ಬೈಕಿನ ಎಂಜಿನ್ನಿಗೆ ಬಡಿಯತೊಡಗಿದರು.

"ಅಪ್ಪಾ, ಸಾಕು!" ಎಂದು ಕೂಗಿದೆ.

"ಅವನು ಸತ್ತೇ ಹೋಗಿದ್ರೆ ಯಾರನ್ನ ಹೊಡೀಲಿ ನಾನು?" ಎಂದರು.

ಚೂರೊಂದು ಸಿಡಿದು ಅವರ ಹಣೆ ಹರಿಯಿತು. ರಕ್ತವನ್ನೂ ಒರೆಸಿಕೊಳ್ಳದೆ, ಸಿಲಿಂಡರ್ ಒಡೆಯುವವರೆಗೂ ಬಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತು, ನನ್ನೆದುರಿಗೇ ಬಿಕ್ಕಿ ಬಿಕ್ಕಿ ಅತ್ತರು.